ಭಟ್ರಿಗೆ ಮುಟ್ಟದ ಆರ್ಡರು

ಅಡುಗೆಮನೆಯ ಪ್ರಿಂಟರನ್ನು ಪರೀಕ್ಷಿಸದೆ ಬಿಟ್ಟ ಮೂರ್ಖ ನಾನೇ. ಕೌಂಟರಿನಲ್ಲಿ ಬಿಲ್ಲು ಚೆಂದವಾಗಿ ಬಂತಲ್ಲ, ಅಷ್ಟಕ್ಕೇ ಬೀಗಿಬಿಟ್ಟೆ.

ಭಾಂಡುಪ್ ಸ್ಟೇಷನ್ನಿನ ಹತ್ತಿರ ನನ್ನ ಸೋದರಮಾವನ ಹೋಟೆಲು. ಅಲ್ಲಿಯ ಕಂಪ್ಯೂಟರಿನಲ್ಲಿ ವಿಂಡೋಸ್ ಕೆಟ್ಟು ಕೂತಿತ್ತು. ಬಿಲ್ಲಿನ ಪ್ರೋಗ್ರಾಮು ವಿಂಡೋಸಿಗೆಂದೇ ಬರೆದದ್ದು, ಬರೆದವನ ಪತ್ತೆಯಿಲ್ಲ. ನಾನು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, ಅದರ ಮೇಲೆ ವಿಂಡೋಸಿನ ವೇಷ ಹಾಕುವ ಇನ್ನೊಂದು ತಂತ್ರಾಂಶ ಕೂರಿಸಿದೆ. ಪ್ರೋಗ್ರಾಮು ಏನು ಕೇಳಿದರೂ ಇದು ವಿಂಡೋಸಿನ ದನಿಯಲ್ಲಿ ‘ಹೂಂ’ ಅನ್ನುತ್ತದೆ.

“ಅಂದ್ರೆ ನಿನ್ನ ಹಾಗೆ ಮಿಮಿಕ್ರಿ,” ಎಂದರು ಮಾವ. “ಸರಿ ನಡೆದ್ರೆ ಪವಾಯಿಯ ಹೊಸ ಹೋಟೆಲಿನ ಕೌಂಟರ್ ನಿಂಗೆ.”

ಕುರ್ಲಾದ ಚಾಳಿನಲ್ಲಿ ಅಮ್ಮನಿಂದ ದಿನಾ ಬೈಸಿಕೊಳ್ಳುತ್ತಿದ್ದ ನನಗೆ ಆ ಕೌಂಟರೆಂದರೆ ಸಿಂಹಾಸನ.

ಮರುದಿನ ಮಧ್ಯಾಹ್ನ ಮಾವ ಮಾರ್ಕೆಟ್ಟಿಗೆ ಹೋಗಿದ್ದರು. ಗಿರಾಕಿಗಳ ನೂಕುನುಗ್ಗಲು. ನಾನು ಆರ್ಡರು ಒತ್ತುತ್ತಿದ್ದೆ. ಪರದೆ ‘ಅಡುಗೆಮನೆಗೆ ಹೋಯಿತು’ ಎನ್ನುತ್ತಿತ್ತು. ತಟ್ಟೆ ಮಾತ್ರ ಒಂದೂ ಬರಲಿಲ್ಲ. ದೋಸೆ ಮಂಗಳೂರಿನಿಂದ ರೈಲು ಹತ್ತಿದೆಯೋ ಎಂದು ಒಬ್ಬ ಹಿಂದಿಯಲ್ಲಿ ಚುಚ್ಚಿದ. ಒಳಗಿನ ಪ್ರಿಂಟರು ಒಂದು ಚೀಟಿಯನ್ನೂ ಉಗುಳಿಲ್ಲವೆಂದು ಆಗ ಹೊಳೆಯಿತು.

ಅಡುಗೆಯ ಭಟ್ರು ನನ್ನ ಮಾತನ್ನು ಲೆಕ್ಕಕ್ಕೇ ಇಡುವವರಲ್ಲ. ಅದಕ್ಕೆ ಮಾವನ ಸ್ವರ ತೆಗೆದು ಕಿಂಡಿಯಲ್ಲಿ ಕೂಗಿದೆ: “ಭಟ್ರೇ, ಹತ್ತು ಮಸಾಲೆ, ಬೇಗ ಮಾರಾಯ್ರೆ.”

ಒಳಗಿನಿಂದ ನಗು ಬಂತು. “ಇವತ್ತು ಭಾರೀ ಲಾಯ್ಕ ಬಂತು ಮಾರಾಯ. ನಿನ್ನ ಮಾವನ ಕೆಮ್ಮೊಂದು ಕಡಿಮೆ ಆಯ್ತು.”

ಕಾವಲಿ ಖಾಲಿಯೇ ಉಳಿಯಿತು. ಬಿಡುವಿನಲ್ಲೆಲ್ಲ ಇದೇ ಸ್ವರದಲ್ಲಿ, ಇಲ್ಲದ ಗಿರಾಕಿಗಳಿಗೆ ದೋಸೆ ಕೂಗಿ ಭಟ್ರನ್ನು ನಗಿಸಿದ್ದವನು ನಾನಲ್ಲವೇ? ನನ್ನ ಸ್ವಂತ ಸ್ವರದಲ್ಲಿ “ನಿಜ ಭಟ್ರೇ, ದೇವರಾಣೆ” ಎಂದೆ. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಗಿರಾಕಿಗಳು ಒಬ್ಬೊಬ್ಬರಾಗಿ ಏಳತೊಡಗಿದರು. ಆಗಲೇ ಮಾವ ಬಂದರು, ಖಾಲಿಯಾಗುತ್ತಿದ್ದ ಮೇಜು ನೋಡಿದರು, ಪರದೆಯ ಆರ್ಡರು ಓದಿದರು, ಕಿಂಡಿಯತ್ತ ತಿರುಗಿ ಅದೇ ಮಾತು ಕೂಗಿದರು. ಕಾವಲಿ ಚುಂಯ್ ಎಂದಿತು.

ಸಂಜೆ ಸರಿಪಡಿಸಿದೆ, ಒಂದೇ ಸಾಲಿನ ಕೆಲಸ. ನನ್ನ ವೇಷಧಾರಿ ಇಂದಿಗೂ ಅಲ್ಲಿ ಚೀಟಿ ಉಗುಳುತ್ತಾ ಮರ್ಯಾದೆಯಿಂದ ದುಡಿಯುತ್ತಿದೆ. ಪವಾಯಿಯ ಕೌಂಟರಿನಲ್ಲಿ ಬೇರೆ ಯಾವನೋ ಕೂತಿದ್ದಾನೆ. ಅವನ ನಡಿಗೆಯನ್ನೂ ನಾನು ಚೆನ್ನಾಗಿ ಮಾಡಿ ತೋರಿಸುತ್ತೇನೆ, ನೋಡುವವರಿಲ್ಲ.

“ಈಗ ಸರಿಯಾಯ್ತಲ್ಲ ಮಾವ, ಪವಾಯಿಯದ್ದು?” ಎಂದು ಅಂದು ಸಂಜೆ ಕೇಳಿಯೂ ನೋಡಿದ್ದೆ.

ಮಾವ ತಲೆ ಎತ್ತಲಿಲ್ಲ. “ನಾನು ಕೂಗಿದ್ರೆ ದೋಸೆ ಬರ್ತದೆ, ನೀನು ಕೂಗಿದ್ರೆ ನಗೆ ಬರ್ತದೆ. ಪವಾಯಿಯಲ್ಲಿ ನಂಗೆ ದೋಸೆ ಸಾಕು ಮಾರಾಯ.”