ಪ್ಯಾನೆಲ್ ಮೇಲಿನ ಸಂಡಿಗೆ

ಮೊಮ್ಮಗಳ ಕುಬಸಕ್ಕೆ ಅಂಗಡಿಯ ಸಂಡಿಗೆ ಕರಿಯುವುದೆಂದರೆ ನನ್ನ ಜೀವ ಇರುವಾಗ ಆಗದ ಮಾತು. ಏಳು ತಿಂಗಳ ಬಸುರಿ, ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ: ಅಜ್ಜಿ ಕೈಯ ಸಾಬೂದಾಣಿ ಸಂಡಿಗೆ. ಬಸುರಿಗೆ ಹಸಿರು ಸೀರೆ ಉಡಿಸಿ ಬಳೆ ತೊಡಿಸುವ ಕುಬಸ ಭಾನುವಾರ. ಸಟನ್ನಿನ ಮಗನ ಮನೆಯಿಂದ ಗುರುವಾರವೇ ಅವಳ ಗ್ರೀನ್‌ಫರ್ಡ್ ಮನೆಗೆ ಬಂದಿಳಿದೆ.

ಈ ಲಂಡನ್ನಿನಲ್ಲಿ ಬಿಸಿಲು ಕೂರುವ ಮೊದಲೇ ಎದ್ದು ಹೋಗುತ್ತದೆ. ಆ ವಾರ ಮಾತ್ರ ಏನಾಗಿತ್ತೋ, ವಿಜಾಪುರವನ್ನು ನೆನಪಿಸುವಂಥ ಬಿಸಿಲು. ಆದರೆ ಒಣ ಹಾಕುವುದೆಲ್ಲಿ? ಹಿತ್ತಲಿಗೆ ನರಿ ಬರುತ್ತದೆ. ಲಂಡನ್ನಿನ ನರಿ ಮನುಷ್ಯರಿಗೆ ಹೆದರುವುದಿಲ್ಲ, ಮನುಷ್ಯರೇ ಅದಕ್ಕೆ ದಾರಿ ಬಿಡುತ್ತಾರೆ.

ಮಹಡಿಯ ಹಿಂದಿನ ಕೋಣೆಯ ಕಿಟಕಿ ತೆಗೆದೆ. ಕೆಳಗೇ ಅಡುಗೆಮನೆಯ ಚಪ್ಪಟೆ ಮಾಳಿಗೆ. ಅದರ ಮೇಲೆ ಸಾಲಾಗಿ, ತುಸು ವಾಲಿಸಿ ಮಲಗಿಸಿದ ಕರಿ ಗಾಜಿನ ಹಲಗೆಗಳು. ಕೈ ಚಾಚಿ ಮುಟ್ಟಿದೆ. ರೊಟ್ಟಿ ಹಂಚು! ನೆರಳಿಲ್ಲ, ಧೂಳಿಲ್ಲ, ನರಿಯಿಲ್ಲ. ನಗು ಬಂತು ನನಗೆ. ಇಷ್ಟು ಚೆಂದದ ಜಾಗ ಹಾಸಿಟ್ಟುಕೊಂಡು ಈ ಮಕ್ಕಳು ಅಂಗಡಿಗೆ ಓಡುತ್ತವೆ.

ಅವು ಸೋಲಾರ್ ಪ್ಯಾನೆಲ್ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬಂದ ದಿನವೇ ಮೊಮ್ಮಗಳ ಗಂಡ, ಬೆಂಗಳೂರಿನ ಕಂಪ್ಯೂಟರ್ ಹುಡುಗ, ಚಪ್ಪಲಿ ಬಿಡುವ ಮೊದಲೇ ನನ್ನನ್ನು ಹೊರಗೋಡೆಯ ಬಿಳಿ ಪೆಟ್ಟಿಗೆಯ ಮುಂದೆ ನಿಲ್ಲಿಸಿದ್ದ.

“ಅಜ್ಜಿ, ಇದು ಬ್ಯಾಟರಿ. ಹಗಲೆಲ್ಲ ತುಂಬ್ಕೊಳ್ಳುತ್ತೆ, ಸಾಯಂಕಾಲ ನಾವು ಬಳಸ್ತೀವಿ. ಮಿಕ್ಕಿದ್ದು ಬೀದಿ ಲೈನಿಗೆ ಹೋಗುತ್ತೆ. ನಮ್ಗೆ ಕಮ್ಮಿ ಬಿದ್ರೆ ಲೈನಿಂದ ಬರುತ್ತೆ.”

“ಅಂದ್ರ ಬಾಜೂ ಮನಿಯವರ ಜೋಡಿ ಹೆಪ್ಪು ಕೊಟ್ಟು ತಗೊಂಡಂಗ.”

“ಕರೆಕ್ಟ್ ಅಜ್ಜಿ!” ಎಂದು ಕುಣಿದ. ಕರೆಂಟು ಹರಿದಂತೆಲ್ಲ ಫೋನಿನಲ್ಲಿ ಬಾಣದ ಗುರುತು ಓಡುವುದನ್ನು ತೋರಿಸಿದ. ಕ್ರಿಕೆಟ್ ಸ್ಕೋರಿನ ಹಾಗೆ ಊಟದಲ್ಲೂ ಅದನ್ನೇ ನೋಡುತ್ತಿದ್ದ.

ನಾನು ಲೆಕ್ಕ ಹಾಕಿದ್ದು ಇಷ್ಟೇ: ಕರೆಂಟಿಗೆ ಬಿಸಿಲು ಒಳಗಿಳಿದು ಹೋಗುತ್ತದೆ, ನನ್ನ ಸಂಡಿಗೆಗೆ ಮೇಲೆಮೇಲಿನದು ಸಾಕು.

ಶುಕ್ರವಾರ ಅವನು ಆಫೀಸಿಗೆ ಹೋದ. ಸಾಬೂದಾಣಿ ಕುದಿಸಿ, ಜೀರಿಗೆ, ಹಸಿಮೆಣಸು ಹಾಕಿ, ನನ್ನ ಹಳೆ ಬಿಳಿ ಸೀರೆಯನ್ನು ಕಿಟಕಿಯಿಂದಲೇ ಪೊರಕೆಯಲ್ಲಿ ತಳ್ಳಿ ಹಲಗೆಗಳ ಮೇಲೆ ಹಾಸಿದೆ. ಉದ್ದ ಹಿಡಿಯ ಸೌಟಿನಿಂದ ಸಂಡಿಗೆ ಬಿಟ್ಟೆ. ಮೊಮ್ಮಗಳು ಕೆಳಗೆ ಮಲಗಿದ್ದಳು.

ಮಧ್ಯಾಹ್ನ ಮಾಳಿಗೆಯ ಅಂಚಿಗೆ ಏಣಿ ಬಡಿದ ಸದ್ದು. ಒಂದು ಕೆಂಪು ಗಡ್ಡದ ತಲೆ ಮೇಲೆ ಬಂತು. ನಾನು ಕಿಟಕಿಯಲ್ಲಿ ಪೊರಕೆ ಹಿಡಿದು ಗುಬ್ಬಿ ಕಾಯುತ್ತಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

“ಈಸ್ ದಟ್ ಫುಡ್?”

“ಫುಡ್. ಈಟ್,” ಎಂದೆ. ಅರೆ ಒಣಗಿದ ಸಂಡಿಗೆಯೊಂದನ್ನು ಕಿತ್ತು ಸೌಟಿನಲ್ಲಿಟ್ಟು ಚಾಚಿದೆ. ಅದರ ರುಚಿಯೇ ಬೇರೆ, ಅಂಟಂಟು. ಪುಣ್ಯಾತ್ಮ ಏಣಿಯ ಮೇಲೇ ತಿಂದ, ಇನ್ನೊಂದಕ್ಕೆ ಕೈಯೊಡ್ಡಿದ. ಆಮೇಲೆ ಫೋನ್ ಮಾಡಿ ನಕ್ಕ ನಗುವಿಗೆ ಏಣಿ ಅಲ್ಲಾಡಿತು.

ಆಫೀಸಿನಲ್ಲಿ ಕೂತು ಬಾಣ ನಿಂತಿದ್ದು ನೋಡಿ, ಪ್ಯಾನೆಲ್ ಕೆಟ್ಟಿದೆಯೆಂದು ನಮ್ಮ ಹುಡುಗನೇ ಈ ರಿಪೇರಿಯವನನ್ನು ಕಳಿಸಿದ್ದನಂತೆ. ಹುಡುಗನೂ ನೆಲದಡಿಯ ಟ್ಯೂಬ್ ರೈಲು ಹಿಡಿದು ಓಡಿ ಬಂದ, ಬೆವರು ಸುರಿಯುತ್ತಿತ್ತು.

“ಅಜ್ಜಿ! ವರ್ಷದಲ್ಲೇ ಬೆಸ್ಟ್ ಬಿಸಿಲು! ಭಾನುವಾರದ ಅಡುಗೆಯೆಲ್ಲ ನಮ್ಮ ಬಿಸಿಲಲ್ಲೇ ಅಂತ ಎಲ್ಲರಿಗೂ ಹೇಳಿದೀನಿ. ತೆಗೀರಿ ಅದನ್ನ!”

“ತಗದ್ರ ಹಸೀ ಉಳೀತಾವ. ಎಣ್ಣ್ಯಾಗ ಹಾಕಿದ್ರ ಕಲ್ಲ ಆಗ್ತಾವ. ನಿನ್ನ ಹೇಂತಿ ಕಲ್ಲು ತಿನ್ನಬೇಕೇನೋ?”

ಮೊಮ್ಮಗಳು ಹೊಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಸೀರೆ ನೋಡಿದಳು, ಗಂಡನ ಮುಖ ನೋಡಿದಳು, ನಕ್ಕೂ ನಕ್ಕೂ ಮಂಚದ ಮೇಲೆ ಕೂತಳು. “ಡೋಂಟ್ ಯು ಡೇರ್ ಟಚ್ ಮೈ ಸಂಡಿಗೆ.”

ಅವನು ಫೋನು ನೋಡಿದ. ಆಕಾಶ ನೋಡಿದ. ತಲೆ ಕೆರೆದ.

“ನಾಳೆ ಮಧ್ಯಾಹ್ನದ ಮೇಲೆ ಮೋಡ ಅಜ್ಜಿ. ಈ ಬಲಗಡೆಗೆ ಚಿಮಣಿ ನೆರಳು ಬರುತ್ತೆ, ಸಂಡಿಗೆ ಒಣಗಲ್ಲ. ಸೀರೆ ಮಡಚಿ ಆ ಎಡಗಡೆ ಎರಡರ ಮೇಲೆ ಮಾತ್ರ ಹಾಕಿ. ಮಿಕ್ಕಿದ್ದು ನನಗೆ ಬಿಡಿ.”

“ಶಾಣ್ಯಾ ಅದಿ,” ಎಂದೆ. ಅವನೇ ಕಿಟಕಿ ದಾಟಿ ಮಾಳಿಗೆಗೆ ಇಳಿದ. ಆಫೀಸಿನ ಪ್ಯಾಂಟಿನಲ್ಲೇ ಮೊಣಕಾಲೂರಿ ಸಂಡಿಗೆ ಕಿತ್ತು ತಿರುವಿ ಹಾಕಿದ. ಶನಿವಾರ ಬೆಳಿಗ್ಗೆ ನಾನು ಏಳುವ ಮೊದಲೇ ಸೀರೆ ಹಾಸಿದ್ದ. ಮೊದಲ ಮೋಡ ಕಂಡಾಗ “ಅಜ್ಜೀ!” ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯ ಮುದುಕ ಬೇಲಿಯ ಮೇಲೆ ಇಣುಕಿದ.

ಭಾನುವಾರ ಬಿಸಿಲಿಲ್ಲ. ಹಸಿರು ಸೀರೆ, ಹಸಿರು ಬಳೆ ತೊಟ್ಟ ಮೊಮ್ಮಗಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಮುತ್ತೈದೆಯರೆಲ್ಲ ಅವಳ ಹಿಂದೆ. ಕರೆಂಟಿನ ಒಲೆಯ ಮೇಲೆ ಎಣ್ಣೆ ಕಾದಿತ್ತು.

“ಬ್ಯಾಟರಿ ಅರ್ಧಾನೇ ಇದೆ ಅಜ್ಜಿ,” ಎಂದ ಹುಡುಗ.

“ಉಳದರ್ಧಾ ಇಲ್ಲಿ ಐತಿ,” ಎಂದು ಒಂದು ಸಂಡಿಗೆ ಎಣ್ಣೆಗೆ ಬಿಟ್ಟೆ.

ತಳಕ್ಕೆ ಹೋಯಿತು. ಎಲ್ಲರೂ ಬಾಣಲೆಯತ್ತ ಬಗ್ಗಿದರು. ಆಮೇಲೆ ಚುಂಯ್ ಎಂದು ಎದ್ದು, ಮಲ್ಲಿಗೆ ದಂಡೆಯ ಹಾಗೆ ಅರಳಿ ಬಾಣಲೆ ತುಂಬಿತು. ಹೆಂಗಸರೆಲ್ಲ ಹೋ ಎಂದರು. ಬಸುರಿ ಕೈ ಸುಡುತ್ತಿದ್ದರೂ ಬಿಡದೆ ಕರುಂ ಎನ್ನಿಸಿದಳು.

ಅವಳ ಗಂಡ ಫೋನಿನ ಬಾಣವನ್ನು ಎಲ್ಲರಿಗೂ ತೋರಿಸುತ್ತಿದ್ದ. ಯಾರೂ ನೋಡಲಿಲ್ಲ. ಅವನ ಬಾಯಿಗೂ ಒಂದು ತುರುಕಿದೆ, ಮಾತು ನಿಂತಿತು.