ಕೆಂಪು ಬಟ್ಟೆ ಕಟ್ಟಿದ ಹನ್ನೆರಡು ಚೌಕ

ಮೊದಲ ಸಲ ಆ ಬಯಲಿಗೆ ಹೋದದ್ದು ಬೆಳಿಗ್ಗೆ ಎಂದು ನೆನಪು. ಆದರೆ ನೆನಪಿನಲ್ಲಿ ನೆರಳುಗಳು ಪೂರ್ವಕ್ಕೆ ಚಾಚಿವೆ, ಹಾಗಿದ್ದರೆ ಸಂಜೆಯಾಗಿರಬೇಕು. ಎರಡು ದಿನ ಸೇರಿ ಒಂದಾಗಿವೆಯೇನೋ. ಸಂತೆಕಲ್ಲೂರಿನಲ್ಲಿ ಆಟೋ ಇಳಿದು ಬಹಳ ಹೊತ್ತು ನಡೆದದ್ದು ಮಾತ್ರ ಖಂಡಿತ.

ಅದು ಸೈನಿಕರು ಗುಂಡು ಹಾರಿಸಿ ಕಲಿಯುವ ಬಯಲು. ಅಭ್ಯಾಸವಿದ್ದ ದಿನ ಕಂಬಕ್ಕೆ ಕೆಂಪು ಬಾವುಟ ಏರುತ್ತದೆ. ಇಲ್ಲದ ದಿನ ಕುರಿಗಾರರು ಒಳಗೆ ಮೇಯಿಸಬಹುದು, ಬಾಯಿಮಾತಿನ ಒಪ್ಪಂದ. ನೆಲ ಹೇಗಿದೆ ಎಂದು ಹೇಳುವುದು ನನ್ನ ಗುತ್ತಿಗೆ ಕೆಲಸ: ಹುಲ್ಲು ಎಷ್ಟು, ಬೋಳು ಎಷ್ಟು, ಮಣ್ಣು ಎಲ್ಲಿ ಕೊಚ್ಚಿಹೋಗುತ್ತಿದೆ, ಗುಂಡು ನಾಟುವ ದಿಬ್ಬದ ಮಣ್ಣಿಗೆ ಸೀಸ ಸೇರಿದೆಯೇ. ಹುಲ್ಲಿಗಾಗಿ ಹನ್ನೆರಡು ಚೌಕ ಅಳೆದು, ಮೂಲೆಗೊಂದು ಗೂಟ ಹೊಡೆದೆ. ದೂರದಿಂದ ಕಾಣಲೆಂದು ಮಸ್ಕಿಯಲ್ಲಿ ಕೊಂಡ ಕೆಂಪು ಬಟ್ಟೆಯನ್ನು ಹರಿದು ಗೂಟಗಳಿಗೆ ಕಟ್ಟಿದೆ. ಅಂಗಡಿಯಲ್ಲಿ ಹಳದಿಯೂ ಇತ್ತು. ಇತ್ತೇ? ಇರಲೇಬೇಕು.

ಮಳೆಗಾಲ ಕಳೆದ ಮೇಲೆ ಮತ್ತೆ ಹೋದಾಗ ಚೌಕಗಳಲ್ಲಿ ಮೊಣಕಾಲೆತ್ತರ ಹುಲ್ಲು. ಹೊರಗೆ ನೆಲಕ್ಕಂಟಿದ ಬುಡಗಳು. ಬಯಲಿನ ಉಸ್ತುವಾರಿಯ ಸುಬೇದಾರರು ವಿಜಯಪುರದ ಕಡೆಯವರು. ಅವರು ಚೌಕದಿಂದ ಚೌಕಕ್ಕೆ ನಡೆದು ನೋಡಿದರು.

"ಕುರಿ ಬಾಯಿ ಹಾಕಿದಲ್ಲಿ ಬೋಳು, ಹಾಕದಲ್ಲಿ ಹುಲ್ಲು. ಇನ್ನೇನ್ ಬೇಕ್ರೀ ನಿಮಗ? ಬರದು ಕೊಡ್ರಿ, ಸುತ್ತ ತಂತಿ ಹಾಕಿಸ್ತೀನಿ."

ಆಗ ನನಗೆ ಹೊಳೆಯಬೇಕಿತ್ತು. ಬೇಲಿಯಿಲ್ಲದ ಚೌಕಗಳಿಗೆ ಕುರಿ ಯಾಕೆ ಬಾಯಿ ಹಾಕಲಿಲ್ಲ? ಹೊಳೆಯಲಿಲ್ಲ. ಅಂಕಿಗಳು ಚೆನ್ನಾಗಿದ್ದವು, ನಾನು ಖುಷಿಯಲ್ಲಿದ್ದೆ. ಆ ಖುಷಿಯನ್ನು ಈಗ ಬರೆಯುವಾಗ ಬಿಟ್ಟುಬಿಡಬೇಕೆನಿಸುತ್ತದೆ; ಅದಕ್ಕೇ ಬರೆದಿದ್ದೇನೆ.

ಮರುದಿನ, ಅಲ್ಲಿ ಕುರಿ ಮೇಯಿಸುವ ಹೆಂಗಸೊಬ್ಬಳು ಸಿಕ್ಕಳು. ಐವತ್ತರ ಆಸುಪಾಸು, ಹೆಗಲ ಮೇಲೆ ಕಂಬಳಿ. ತಂತಿಯ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

"ನನ್ನ ಕುರಿ ಎಲ್ಲಿ ಹೊಡೀಲೋ ಯಪ್ಪಾ? ತುರ್ವಿಹಾಳದ ಕಡಿ ಎಲ್ಲಾ ಭತ್ತ. ಈ ಕಡಿ ತೊಗರಿ, ಜ್ವಾಳ. ಕೊಯ್ಲು ಆಗೂತನಕ ಯಾರ್ ಬಿಡ್ತಾರ?"

"ಯಕ್ಕಾ, ಆ ಚೌಕದಾಗ ಯಾಕ ಮೇಯಿಸಿಲ್ಲ?"

ಅವಳು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು.

"ಕೆಂಪು ಬಟ್ಟಿ ನೀನ ಕಟ್ಟೀದಿ. ಕೆಂಪು ಇದ್ದಲ್ಲಿ ಕಾಲಿಡಬ್ಯಾಡ ಅಂತ ನಮ್ಮಪ್ಪನ ಕಾಲದಿಂದ ಹೇಳ್ಯಾರ. ಸಿಡೀಲಾರದ ಮದ್ದು ಬಿದ್ದೈತಿ ಅನ್ಕೊಂಡ್ವಿ. ಒಂದ್ ಮರಿ ಒಳಗ ಹೋದ್ರೂ ಓಡಿ ಹೋಗಿ ಎಳಕೊಂಡು ಬಂದೀನಿ."

ನಾನು ಗೂಟದ ಪಕ್ಕದಲ್ಲೇ ಕುಳಿತುಬಿಟ್ಟೆ. ಅವಳು ನಿಯಮ ಪಾಲಿಸಿದ್ದೇ ಅವಳ ವಿರುದ್ಧದ ಸಾಕ್ಷಿಯಾಗಿತ್ತು. ಅದಕ್ಕಿಂತ ಕೆಟ್ಟದ್ದು, ಆ ಸಾಕ್ಷಿ ಸುಳ್ಳಲ್ಲ. ಕುರಿ ಹೋಗದಿದ್ದರೆ ಹುಲ್ಲು ಬರುತ್ತದೆ ಎಂಬುದನ್ನು ನನ್ನ ತಪ್ಪು ಸರಿಯಾಗಿಯೇ ತೋರಿಸಿತ್ತು.

"ಏಳು, ಇತ್ತ ಬಾ," ಎಂದು ಅವಳು ಬಯಲಿನ ನಡುವಿನ ಹಳ್ಳದ ಪೂರ್ವಕ್ಕಿದ್ದ ಚೌಕವೊಂದಕ್ಕೆ ಕರೆದೊಯ್ದಳು. ಹುಲ್ಲಿನ ನಡುವೆ ಎರಡು ಬೋಳು ಗೆರೆಗಳು, ಸೈನ್ಯದ ಲಾರಿ ಹಾದುಹೋದ ಜಾಡು. ಮಣ್ಣು ಗಟ್ಟಿಯಾಗಿ ಒಂದು ಎಸಳೂ ಹುಟ್ಟಿರಲಿಲ್ಲ.

"ಇಲ್ಲಿ ನನ್ನ ಕುರಿ ಬಂದಿಲ್ಲ. ಇದನ್ನ ಯಾರ್ ಮೇದಾರ? ಲಾರಿಗೆ ಕೆಂಪು ಕಾಣಂಗಿಲ್ಲೇನು?"

ಆ ಚೌಕವನ್ನೂ ನಾನೇ ಅಳೆದಿದ್ದೆ. ನನ್ನ ಹಾಳೆಯಲ್ಲಿ ಸರಾಸರಿ ಆ ಗೆರೆಗಳನ್ನು ನುಂಗಿತ್ತು.

ಉಳಿದ ಚೌಕಗಳನ್ನು ಮತ್ತೆ ಅಳೆದೆ. ಇನ್ನೆರಡರಲ್ಲಿ ಅದೇ ಜಾಡು ಸಿಕ್ಕಿತು. ವರದಿಯಲ್ಲಿ ಎಲ್ಲವನ್ನೂ ಬರೆದೆ: ಬಟ್ಟೆ ಕಟ್ಟಿದ್ದು ನನ್ನ ತಪ್ಪು, ಅದರಿಂದ ಕುರಿ ದೂರ ಉಳಿದದ್ದು, ಮೇಯದಲ್ಲಿ ಹುಲ್ಲು ಚಿಗುರಿದ್ದು, ಲಾರಿ ಹೋದಲ್ಲಿ ಮೇಯದಿದ್ದರೂ ಚಿಗುರದೇ ಇದ್ದದ್ದು. ಸುಬೇದಾರರು ಓದಿ, "ನಮ್ಮ ಲಾರಿನೂ ಕುರಿ ಜೋಡಿ ಕಟ್ಟಿದ್ರಲ್ರೀ," ಎಂದರು. ಆದರೆ ಹರಿದು ಹಾಕಲಿಲ್ಲ, ಮೇಲಕ್ಕೆ ಕಳಿಸಿದರು.

ಆದೇಶ ಬಂತು. ಲಾರಿಗಳು ಒಂದೇ ದಾರಿಯಲ್ಲಿ ಹೋಗಬೇಕು. ತಂತಿ ಇಲ್ಲ. ಹಳ್ಳದ ಪಶ್ಚಿಮಕ್ಕೆ ಮೇಯಿಸಬಹುದು. ಮಣ್ಣು ಕೊಚ್ಚಿಹೋಗುವ ಪೂರ್ವದ ಇಳಿಜಾರನ್ನು ಎರಡು ಮಳೆಗಾಲ ಮೇಯಿಸದೆ ಬಿಡಬೇಕು. ನೆಲದ ಮಟ್ಟಿಗೆ ಇದು ಸರಿ ಎಂದು ಇಂದಿಗೂ ನಂಬಿದ್ದೇನೆ. ಆದರೆ ಒಳ್ಳೆಯ ಹುಲ್ಲು ಇದ್ದದ್ದು ಪೂರ್ವದಲ್ಲಿ.

ಕುರಿಯವಳಿಗೆ ಹೇಳಲು ನಾನೇ ಹೋದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಖರೇ ಬರದೀಯಾ?"

"ಖರೇನ ಬರದೀನಿ, ಯಕ್ಕಾ."

"ಹಂಗಾದ್ರ ಅರ್ಧ ಕುರಿ ಮಾರಬೇಕಾತು," ಎಂದಳು. ಬೈದಂತಿರಲಿಲ್ಲ, ಲೆಕ್ಕ ಒಪ್ಪಿಸಿದಂತಿತ್ತು. ನಾನು ಏನೋ ಉತ್ತರ ಕೊಟ್ಟೆ. ಇಷ್ಟೆಲ್ಲ ನೆನಪಿರುವವನಿಗೆ ಆ ಉತ್ತರ ಮಾತ್ರ ನೆನಪಿಲ್ಲ. ಅವಳು ನಾಲಿಗೆ ಹೊರಳಿಸಿ ಸದ್ದು ಮಾಡಿದಳು; ಕುರಿಗಳು ಹಳ್ಳ ದಾಟಿ ಪಶ್ಚಿಮದ ಕಲ್ಲುಗಳ ನಡುವೆ ಹರಡಿಕೊಂಡವು.