ಕಾಗದದ ಹೆಬ್ಬಾಗಿಲು

“ಏನಯ್ಯಾ ಇದು? ಮದುವೆ ಮನೆ ಮುಂದೆ ಚಟ್ಟ ಕಟ್ಟಿದ್ದೀಯಲ್ಲ.”

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹ್ಯೂಸ್ಟನ್ನಿನ ಉತ್ತರಕ್ಕೆ, ದ ವುಡ್‌ಲ್ಯಾಂಡ್ಸ್‌ನ ಹುಲ್ಲುಹಾಸಿನ ಮೇಲೆ ಅಡುಗೆಯವರು, ಹೂವಿನವರು, ಡಾಲಸ್‌ನಿಂದ ಡ್ರೈವ್ ಮಾಡಿಕೊಂಡು ಬಂದ ನೆಂಟರು ಕಾಫಿ ಹಿಡಿದು ನಿಂತಿದ್ದಾರೆ. ಅಷ್ಟೂ ಜನರ ಎದುರಿಗೆ ಮದುಮಗನ ತಂದೆ ಬದರಿನಾಥ ಆಡಿದ ಮಾತಿದು. ಒಬ್ಬಿಬ್ಬರು ನಗುತ್ತಾರೆ. ಏಣಿಯ ಮೇಲಿರುವ ಚನ್ನಬಸಪ್ಪ ಹಲ್ಲಲ್ಲಿ ಕಚ್ಚಿಕೊಂಡ ಹುರಿಯನ್ನು ಬಿಡುವುದಿಲ್ಲ.

ಅವರು ಕಟ್ಟುತ್ತಿರುವುದು ಚೀನಾದ ಅರಮನೆಯ ಹೆಬ್ಬಾಗಿಲು. ಮುಂದಿನಿಂದ ನೋಡಿದರೆ ಕೆಂಪು ಕಂಬ, ಹಳದಿ ಹೆಂಚು, ಮೂರು ದ್ವಾರ. ಹಿಂದಿನಿಂದ ನೋಡಿದರೆ ಬಿದಿರು, ತೆಂಗಿನ ಹಗ್ಗ. ಬದರಿನಾಥರ ಕಣ್ಣಿಗೆ ಬಿದ್ದದ್ದು ಹಿಂದಿನದು. ಹತ್ತು ಗಂಟೆಗೆ ಎನರ್ಜಿ ಕಾರಿಡಾರಿನ ಎಣ್ಣೆ ಕಂಪನಿಗಳ ದೊಡ್ಡ ಸಾಹೇಬರೆಲ್ಲ ಬರುತ್ತಾರೆ, ಅಷ್ಟರಲ್ಲಿ ಈ ಅಪಶಕುನ ಮುಚ್ಚಬೇಕು, ಚೂರು ಅಲುಗಾಡಿದರೂ ಪಿಕಪ್‌ ಗಾಡಿಗೆ ಕಟ್ಟಿ ಎಳೆಸಿಬಿಡುತ್ತೇನೆ ಎಂದು ಹೇಳಿ ಹೋಗುತ್ತಾರೆ.

ಚನ್ನಬಸಪ್ಪ ಗದಗಿನ ಕಡೆಯವರು. ಹೆಂಡತಿ ತುಳಸಿಗೆ ಇಲ್ಲಿ ನರ್ಸ್‌ ಕೆಲಸ ಸಿಕ್ಕಾಗ ಜೊತೆಗೆ ಬಂದವರು. ವಾರವೆಲ್ಲ ಹಿಲ್‌ಕ್ರಾಫ್ಟ್‌ ರಸ್ತೆಯ ದಿನಸಿ ಅಂಗಡಿಯಲ್ಲಿ ಅಕ್ಕಿ ಮೂಟೆ ಇಳಿಸುತ್ತಾರೆ. ಶನಿವಾರ ಬಂತೆಂದರೆ ಮದುವೆ ಮಂಟಪ. ಆಸ್ಟಿನ್‌ವರೆಗೂ ಇವರ ಮಂಟಪಗಳು ಹೋಗುತ್ತವೆ. ಫೋಟೋಗಳ ಕೆಳಗೆ ಹೂವಿನ ಕಂಪನಿಯ ಹೆಸರಿರುತ್ತದೆ, ಕೇಟರಿಂಗ್‌ನವರದ್ದಿರುತ್ತದೆ, ನಾಯಿಮರಿಗೆ ಶೇರ್ವಾನಿ ಹೊಲಿದವರದ್ದೂ ಇರುತ್ತದೆ. ಇವರದೊಂದು ಹಾಕಲು ಮಾತ್ರ ಯಾರಿಗೂ ಜಾಗ ಸಿಕ್ಕಿಲ್ಲ.

ಕೈಗೆ ವಿದ್ಯೆ ಕಲಿಸಿದ್ದು ಊರಲ್ಲಿ ಪಕ್ಕದ ಮನೆಯ ಮೌಲಾಸಾಬ್ ಉಸ್ತಾದರು. ಮೊಹರಂ ಬಂದರೆ ಬಿದಿರು ಸೀಳಿ, ಬಣ್ಣದ ಕಾಗದ ಹಚ್ಚಿ ಮೆರವಣಿಗೆಯ ಡೋಲಿ ಕಟ್ಟುತ್ತಿದ್ದ ಮನುಷ್ಯ. ಚನ್ನಬಸಪ್ಪ ನೆನೆಯುತ್ತಾರೆ: “ಡೋಲಿ ಬೆನ್ನು ಮುಚ್ಚಬ್ಯಾಡ ಅಂತಿದ್ರು ಉಸ್ತಾದರು. ಗಾಳಿಗೆ ದಾರಿ ಬಿಡಬೇಕ್ರಿ. ತಡದ್ರ ಹೊತಗೊಂಡು ಹೋಗ್ತದ.”

ಈ ಬಾಗಿಲಿನ ಕತೆ ಮಾತ್ರ ಉಸ್ತಾದರದ್ದಲ್ಲ. ಮದುಮಗಳು ಎಮಿಲಿ ಚೆಂಗ್, ತನ್ನ ಅಜ್ಜಿಯಿಂದ ಕೇಳಿದ್ದನ್ನು ಹಿಲ್‌ಕ್ರಾಫ್ಟ್‌ನ ಚಹಾದಂಗಡಿಯಲ್ಲಿ ಕೂತು ಹೇಳಿದ್ದು. ಮದುಮಗ ಮಿಹಿರ್ ಕನ್ನಡಕ್ಕಿಳಿಸಿದ. ಬೀಜಿಂಗಿನ ಅರಮನೆಯಲ್ಲಿ ಯುವ ದೊರೆಯ ಮದುವೆಗೆ ಕೆಲವೇ ವಾರ ಉಳಿದಿದ್ದಾಗ ದೊಡ್ಡ ಬಾಗಿಲೊಂದು ಬೆಂಕಿಗೆ ಬಿತ್ತಂತೆ. ಮುಹೂರ್ತ ಮುಂದೆ ಹಾಕುವಂತಿಲ್ಲ, ಮರ ಕಡಿದು ಕಟ್ಟಲು ಸಮಯವಿಲ್ಲ. ಕೊನೆಗೆ ಕಾಗದದ ಕೆಲಸದವರನ್ನು ಕರೆಸಿದರು. ಅವರು ಕಾಗದ, ಬಟ್ಟೆಗಳಲ್ಲೇ ಎಬ್ಬಿಸಿ ನಿಲ್ಲಿಸಿದ ಬಾಗಿಲನ್ನು ಅರಮನೆಯಲ್ಲೇ ತಲೆ ನರೆತವರಿಗೂ ಕಾಗದದ್ದೆಂದು ಗುರುತಿಸಲಾಗಲಿಲ್ಲವಂತೆ. ಅರಮನೆಯ ನಡುದ್ವಾರ ದೊರೆಗೆ ಮಾತ್ರ. ರಾಣಿಗೆ ಅದು ತೆರೆಯುವುದು ಮದುವೆಯ ದಿನ, ಬದುಕಿನಲ್ಲಿ ಒಂದೇ ಸಲ. ಅಜ್ಜಿಯ ಕಣ್ಣೆದುರು ಹಾಗೆ ನಡೆದು ಬರಬೇಕೆಂಬುದು ಎಮಿಲಿಯ ಆಸೆ.

“ಅವ್ರ ಹೆಸರು ಏನಂತ ಕೇಳ್ದೆ. ಯಾರೂ ಬರದಿಟ್ಟಿಲ್ಲಂತ್ರಿ,” ಅನ್ನುತ್ತಾರೆ ಚನ್ನಬಸಪ್ಪ. “ಇರ್ಲಿ ಬಿಡ್ರಿ. ನಂದೂ ನೋಡಿದೋರು ಕಾಗದ ಅನ್ನಬಾರದು, ಅಷ್ಟಾದ್ರ ಸಾಕು.”

ಆದರೆ ಇವತ್ತು ಆ ಮಾತು ಚುಚ್ಚಿದೆ. ಚಟ್ಟ. ಏಣಿ ಇಳಿದವರೇ ಹಿಂಬದಿಗೆ ಹೋಗಿ ಬಿದಿರು ಕಾಣದ ಹಾಗೆ ಮೇಲಿಂದ ಕೆಳಗೆ ಕಾಗದ ಹಚ್ಚುತ್ತಾರೆ. ಉಸ್ತಾದರು ಬೇಡ ಅಂದದ್ದನ್ನೇ, ಅವಮಾನಕ್ಕೆ ಹೆದರಿ, ಮಾಡುತ್ತಾರೆ.

ಒಂಬತ್ತು ದಾಟುತ್ತಲೇ ಕಡಲ ಕಡೆಯಿಂದ ಗಾಳಿ ಏಳುತ್ತದೆ. ಬಾಗಿಲು ಹಾಯಿಯ ಹಾಗೆ ಉಬ್ಬುತ್ತದೆ. ಗಂಟುಗಳು ಕಿರುಗುಟ್ಟುತ್ತವೆ, ಎಡಗಂಬ ನೆಲ ಬಿಟ್ಟು ಏಳುತ್ತದೆ. ಬದರಿನಾಥರ ಕೈಸನ್ನೆಗೆ ಪಿಕಪ್‌ ಹಿಂದಕ್ಕೆ ಬರುತ್ತದೆ, ಒಬ್ಬ ಬಾಗಿಲಿಗೆ ಕಟ್ಟಿ ಎಳೆಯಲು ಹಗ್ಗದ ಸುರುಳಿ ಬಿಚ್ಚುತ್ತಾನೆ. ದೂರದಲ್ಲಿ ಮದುಮಗಳ ಕಾರು ಇತ್ತ ತಿರುಗುತ್ತಿದೆ.

ಚನ್ನಬಸಪ್ಪ ಜೇಬಿನಿಂದ ಬ್ಲೇಡು ತೆಗೆಯುತ್ತಾರೆ. ಹಿಂಬದಿಯ ಕಾಗದವನ್ನು ಉದ್ದಕ್ಕೂ ಸೀಳುತ್ತಾರೆ. ಕೋಪಕ್ಕೆ ತಾವೇ ಕಟ್ಟಿದ್ದನ್ನು ತಾವೇ ಹರಿಯುತ್ತಿದ್ದಾರೆ ಅಂದುಕೊಂಡು ಮಿಹಿರ್ “ಅಂಕಲ್, ಬೇಡ” ಎಂದು ಓಡಿ ಬರುತ್ತಾನೆ. ಅವರು ನಿಲ್ಲಿಸುವುದಿಲ್ಲ. ಒಂದು ಸೀಳು, ಪಕ್ಕಕ್ಕೆ ಇನ್ನೊಂದು, ಮತ್ತೊಂದು. ಸೀಳಿನಲ್ಲಿ ಗಾಳಿ ನುಗ್ಗಿ, ಹೆಂಚಿನ ಸಂದಿಗಳಿಂದ ಹೊರಬೀಳುತ್ತದೆ. ಉಬ್ಬು ಇಳಿಯುತ್ತದೆ. ಕಂಬ ಮತ್ತೆ ನೆಲ ಕಚ್ಚುತ್ತದೆ. ಪಿಕಪ್ ದೂರ ಸರಿಯುತ್ತದೆ. ಹಿಂದಿನಿಂದ ಬಿದಿರು ಈಗ ಬೆತ್ತಲೆಯಾಗಿ ಕಾಣುತ್ತಿದೆ. ಕಂಡರೆ ಕಾಣಲಿ.

ನೆಂಟರೆಲ್ಲ ಅಕ್ಕಪಕ್ಕದ ದ್ವಾರಗಳಲ್ಲಿ ಹಾದುಹೋಗುತ್ತಾರೆ. ಕೆಂಪು ಸೀರೆಯ ಎಮಿಲಿ ನಡುದ್ವಾರದಲ್ಲಿ ಒಬ್ಬಳೇ ಬರುತ್ತಾಳೆ. ಗಾಲಿಕುರ್ಚಿಯಲ್ಲಿ ಕೂತ ಅವಳ ಅಜ್ಜಿ ಕಂಬವೊಂದರ ಮೇಲೆ ಅಂಗೈ ಇಟ್ಟು, ಹಾಗೇ ಇಟ್ಟುಕೊಂಡಿರುತ್ತಾರೆ.

ಸಾಹೇಬರೊಬ್ಬರು ತಲೆಯೆತ್ತಿ ನೋಡಿ, ಇದನ್ನೆಲ್ಲಿ ತರಿಸಿದಿರಿ ಎಂದು ಕೇಳುತ್ತಾರೆ. ಚೀನಾದಿಂದಲೇ, ಶುದ್ಧ ತೇಗದ ಕೆತ್ತನೆ, ಅನ್ನುತ್ತಾರೆ ಬದರಿನಾಥ. ಅಂದ ಮೇಲೆ ಗೊತ್ತಾಗುತ್ತದೆ, ಚನ್ನಬಸಪ್ಪ ಹತ್ತಿರದಲ್ಲೇ ನಿಂತು ಉಳಿದ ಹಗ್ಗ ಸುತ್ತುತ್ತಿದ್ದಾರೆ.

“ಹೌದಲ್ವೇನ್ರೀ, ಚನ್ನಬಸಪ್ಪನವರೇ?”

ಬೆಳಗಿನ ‘ಅಯ್ಯಾ’ ಹೋಗಿ ‘ಅವರೇ’ ಬಂದಿದೆ. ಸಾಹೇಬರು ಇನ್ನೂ ಬಾಗಿಲನ್ನೇ ನೋಡುತ್ತಿದ್ದಾರೆ. ಕಾಗದ ಅನ್ನುವ ಅನುಮಾನ ಆ ಕಣ್ಣಲ್ಲಿ ಎಲ್ಲೂ ಇಲ್ಲ. ಚನ್ನಬಸಪ್ಪ ಆ ಕಣ್ಣುಗಳನ್ನೊಮ್ಮೆ ನೋಡುತ್ತಾರೆ. ಹಗ್ಗದ ಸುರುಳಿ ಹೆಗಲಿಗೇರಿಸಿ, ಏಣಿ ಎತ್ತಿಕೊಂಡು, ಪಕ್ಕದ ದ್ವಾರದಿಂದ ಹೊರಗೆ ನಡೆಯುತ್ತಾರೆ.